ಗಿವಾಕರ ಸ್ಮಾರಕ ಕಪ್

ನಮ್ಮ ಊರಿನಲ್ಲಿ ಟೆನಿಸ್ ಆಡುವವರು ಹನ್ನೊಂದು ಜನ. ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳುವವರು ಉಳಿದವರೆಲ್ಲ. ಭಾನುವಾರ ನಾಲ್ಕು ಗಂಟೆಗೆ ಕೋರ್ಟಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಜನ ಇಬ್ಬಿಬ್ಬರಾಗಿ ಕೂರುತ್ತಾರೆ. ಒಬ್ಬರು ಒಬ್ಬ ಆಟಗಾರನನ್ನು ಹೇಳಿದರೆ ಎದುರಿಗೆ ಕೂತವರು ಇನ್ನೊಬ್ಬನನ್ನು ಹೇಳಬೇಕು. ಹಣ ಕಟ್ಟುವ ಪದ್ಧತಿಯಿಲ್ಲ. ಒಂದೊಂದು ಮಾತು ಕಟ್ಟುತ್ತಾರೆ. ಸೋತವರ ನಾಲಿಗೆಯಿಂದ ಆ ಮಾತು ಹೋಗುತ್ತದೆ, ಗೆದ್ದವರ ನಾಲಿಗೆಗೆ ಸೇರುತ್ತದೆ. ಗೆದ್ದವರ ಬಳಿ ಮೊದಲೇ ಒಂದು ಇರುವುದರಿಂದ ಅಂದಿನಿಂದ ಅವರ ಬಾಯಲ್ಲಿ ಅದು ಎರಡೆರಡು ಸಲ ಬರುತ್ತದೆ.

ಹೊರಗಿನವರಿಗೆ ಇದು ಕಷ್ಟ ಅನ್ನಿಸಬಹುದು. ಅಷ್ಟೇನಿಲ್ಲ. ಮಾತು ಹೋದರೂ ಅದರ ಬಾಲ ಹೋಗುವುದಿಲ್ಲ. ಉಪ್ಪು ಹೋದರೆ ಗಿಪ್ಪು ಉಳಿಯುತ್ತದೆ. ಹೋಟೆಲಿನಲ್ಲಿ "ಎರಡು ಗಿಡ್ಲಿ, ಒಂದು ಗೀಫಿ, ಗಿಟ್ನಿ ಸ್ವಲ್ಪ ಜಾಸ್ತಿ" ಎಂದರೆ ಮಾಣಿ ತಲೆಯೆತ್ತಿ ನೋಡುವುದೂ ಇಲ್ಲ. ಅಂಪೈರ್ ಚೆಲುವಯ್ಯ ಮೇಷ್ಟ್ರು 'ಔಟ್' ಸೋತು ಆರು ವರ್ಷವಾಯಿತು. ಚೆಂಡು ಗೆರೆಯಾಚೆ ಬಿದ್ದರೆ "ಗೀಟ್!" ಎಂದು ಕೂಗುತ್ತಾರೆ, ಆಟಗಾರರು ಒಪ್ಪಿಕೊಳ್ಳುತ್ತಾರೆ. ನಿಜವಾಗಿ ತೊಂದರೆಯಾದದ್ದು ಸಸಿ ಮಾರುವ ಬೋರಲಿಂಗನಿಗೆ. ಅವನು 'ಗಿಡ' ಕಟ್ಟಿ ಸೋತ. ಗಿಡಕ್ಕೆ ಗಿಡವೇ ಬಾಲವಾದ್ದರಿಂದ ಎರಡೂ ಒಟ್ಟಿಗೆ ಹೋದವು. ಈಗ "ಬೇರಿರುತ್ತಲ್ಲ, ಎಲೆ ಇರುತ್ತಲ್ಲ, ಅದು" ಎಂದು ವ್ಯಾಪಾರ ಮಾಡುತ್ತಾನೆ.

ಕೆಲವು ಜಾಣರು ಎಂದೂ ಬಳಸದ ಮಾತು ಕಟ್ಟುತ್ತಿದ್ದರು. ಒಬ್ಬರು 'ತ್ರಿಜ್ಯ' ಕಟ್ಟಿ ನಗುನಗುತ್ತ ಸೋತರು. ಅದಕ್ಕಾಗಿ ಮೇಷ್ಟ್ರು ಒಂದು ನಿಯಮ ಮಾಡಿದರು: ಕಟ್ಟುವ ಮಾತು ಆ ದಿನ ಬೆಳಗಿನಿಂದ ಒಮ್ಮೆಯಾದರೂ ಬಾಯಿಂದ ಹೊರಟಿರಬೇಕು. ಇನ್ನೊಂದು ನಿಯಮ ಯಾರೂ ಮಾಡಿದ್ದಲ್ಲ, ತಾನಾಗಿಯೇ ಇರುವುದು. "ಏನು ಕಟ್ತೀರಿ?" ಎಂದು ಮೇಷ್ಟ್ರು ಕೇಳಿದ ಮೇಲೆ ಬಾಯಿಂದ ಬೀಳುವ ಮೊದಲ ಮಾತೇ ಕಟ್ಟಿದ ಮಾತು. ತಿದ್ದುಪಡಿ ಇಲ್ಲ.

ನಾನು ಈ ಊರಿಗೆ ಮದುವೆಯಾಗಿ ಬಂದವಳು. ಮೂರು ವರ್ಷದ ಸಂಸಾರ. ಜ್ವರ ಬಂದು ಒಂಬತ್ತನೆಯ ದಿನ ಅವರು ಹೋದರು. ಅದಾಗಿ ಎರಡು ವರ್ಷ. ಇದ್ದಾಗ 'ಇವರು' ಅನ್ನುತ್ತಿದ್ದೆ, ಈಗ 'ಅವರು' ಅನ್ನುತ್ತೇನೆ. ಈ ಮನೆಯಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಆದರೂ ಬಂದ ವಾರದೊಳಗೆ ಆ ಅಭ್ಯಾಸ ನನಗೂ ಬಂತು. ಜನಗಣತಿಯವನು "ಗಂಡನ ಹೆಸರು?" ಎಂದು ಕೇಳಿದಾಗ ಬಾಗಿಲ ಮೇಲಿನ ಬೋರ್ಡು ತೋರಿಸಿದ್ದೆ. ಅವರ ಹೆಸರು ದಿವಾಕರ. ಬರೆಯುವುದಕ್ಕೆ ಅಡ್ಡಿಯೇನಿಲ್ಲ.

ಕೋರ್ಟಿನಲ್ಲಿ ಸ್ಕೋರು ಬರೆಯುವ ಕೆಲಸ ಅವರದಾಗಿತ್ತು. ಆಮೇಲೆ ನನಗೆ ಬಂತು. ಬರೆಯುತ್ತಿದ್ದೆ, ಕಟ್ಟೆಯ ಮೇಲೆ ಕೂರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂರುವವರು ನನ್ನ ಅತ್ತೆ ತುಂಗಮ್ಮ. ಅವರದು ಕಾಲುಚೀಲದ ವಿಧಾನ. ಒಳ್ಳೆಯ ಕಾಲುಚೀಲ ಹಾಕಿದವನು ಗೆಲ್ಲುತ್ತಾನೆ, ಯಾಕೆಂದರೆ ಅವನ ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆ ಎಂದು ಅರ್ಥ. ಈ ವಿಧಾನದಿಂದ ನಮ್ಮ ಅಡುಗೆಮನೆಯ ಅರ್ಧ ಸಾಮಾನು ಅತ್ತೆಯ ಬಾಯಲ್ಲಿ ಗೀ ಗೀ ಅನ್ನುತ್ತಿತ್ತು.

ಅವರ ಎದುರು ಕೂರುವವನು ಟೈಲರ್ ಮೋನಪ್ಪ. ಟೆನಿಸ್‌ನಲ್ಲಿ ಮೂವತ್ತಾದ ಮೇಲೆ ನಲವತ್ತು ಬರುವುದನ್ನು ಅವನು ಬಹಳ ದಿನ ಸೊಂಟದ ಅಳತೆ ಎಂದು ತಿಳಿದಿದ್ದ. ಆದರೆ ಅವನು ಹೇಳಿದವರೇ ಗೆಲ್ಲುತ್ತಿದ್ದರು. ನನ್ನ ಪುಸ್ತಕದ ಪ್ರಕಾರ ಅರವತ್ತಕ್ಕೆ ಅರವತ್ತು. ಹೀಗಾಗಿ ಅವನ ಮಾತು ಮುಗಿಯುವುದಕ್ಕೆ ಹೊತ್ತು ಹಿಡಿಯುತ್ತಿತ್ತು. "ಅಂಗಿ ಅಂಗಿ ಆಗಿದೆ, ಗುಂಡಿ ಗುಂಡಿ ಬಾಕಿ, ನಾಳೆ ನಾಳೆ ಕೊಡ್ತೀನಿ" ಅನ್ನುತ್ತಿದ್ದ. 'ನಾಳೆ' ಅವನು ಗೆದ್ದ ಮಾತು ಎಂಬುದು ಟೈಲರ್ ಆದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅವನೆದುರು ಕೂರಲು ಊರವರೆಲ್ಲ ಹೆದರುತ್ತಿದ್ದರು, ಅತ್ತೆಯೊಬ್ಬರನ್ನು ಬಿಟ್ಟು.

ಆ ಭಾನುವಾರ ಅತ್ತೆ 'ಹಾಗಲಕಾಯಿ' ಕಟ್ಟುವುದೆಂದು ಮನೆಯಲ್ಲೇ ನಿಶ್ಚಯಿಸಿ, ನಿಯಮಕ್ಕೆ ಬೇಕೆಂದು ಬೆಳಿಗ್ಗೆ ಎರಡು ಸಲ ಅದನ್ನು ಹೇಳಿ, ಹೊಸ ಸೀರೆಯುಟ್ಟು ಹೋದರು. ಮೋನಪ್ಪ ತನ್ನ ಆಟಗಾರನನ್ನು ಹೇಳಿದ. ಅತ್ತೆ ತಮ್ಮ ಕಾಲುಚೀಲದವನನ್ನು ಹೇಳಿದರು.

"ಏನು ಕಟ್ತೀರಿ ತುಂಗಮ್ಮನೋರೇ?" ಎಂದರು ಮೇಷ್ಟ್ರು.

ಅತ್ತೆಯ ಎಲ್ಲ ಮಾತೂ ಒಂದೇ ಕಡೆಯಿಂದ ಶುರುವಾಗುತ್ತಿತ್ತು. "ದಿವಾಕರ ಇದ್ದಿದ್ರೆ ಹಾಗಲಕಾಯಿ ಕಟ್ಟಮ್ಮ ಅಂತಿದ್ದ," ಎಂದರು.

ಮೊದಲು ಬಿದ್ದ ಮಾತು ಹಾಗಲಕಾಯಿ ಅಲ್ಲ. ಮೋನಪ್ಪ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಆಗಲೇ ಹೊತ್ತು ಮೀರಿತ್ತು. ಮುಕ್ಕಾಲು ಗಂಟೆಯಲ್ಲಿ ಅವನ ಆಟಗಾರ ಗೆದ್ದ.

ಮನೆಗೆ ಬಂದು ಅತ್ತೆ ಫೋಟೋದ ಮುಂದೆ ನಿಂತು ಹೇಳಿ ನೋಡಿದರು. "ಗಿವಾಕರ" ಎಂದು ಬಂತು. ಅವರಿಗೇ ನಗು ಬಂತು. ನನಗೂ ಬಂತು. ನಾವಿಬ್ಬರೂ ಒಟ್ಟಿಗೆ ನಕ್ಕು ಎರಡು ವರ್ಷವಾಗಿತ್ತು. ಆಮೇಲೆ ಅವರು ಅದನ್ನು ಇನ್ನೊಮ್ಮೆ ಹೇಳಲಿಲ್ಲ. ಅವರ ಮಾತು ಶುರುವಾಗುತ್ತಿದ್ದದ್ದೇ ಆ ಹೆಸರಿನಿಂದ. ಅದು ಹೋದ ಮೇಲೆ ಮುಂದಿನದೂ ಶುರುವಾಗದೆ ಹೋಯಿತು. ಊಟಕ್ಕೆ ಕೂತರೆ ತಟ್ಟೆಯ ಸದ್ದು ಮಾತ್ರ. ನಾನು ಹೇಗೂ ಮಾತಾಡುವವಳಲ್ಲ. ಒಬ್ಬರು ಮಾತಾಡದಿದ್ದರೆ ಮನೆ ನಡೆಯುತ್ತದೆ, ಇಬ್ಬರೂ ಮಾತಾಡದಿದ್ದರೆ ಕಷ್ಟ ಎಂದು ಆಗ ತಿಳಿಯಿತು.

ಇಷ್ಟೇ ಆಗಿದ್ದರೆ ಕಾಲ ಕಳೆಯುತ್ತಿತ್ತು. ಆದರೆ ಟೆನಿಸ್ ಸಮಿತಿಯವರು ಆ ವರ್ಷದ ಕಪ್ಪಿಗೆ ಅವರ ಹೆಸರಿಡುವುದೆಂದು ತೀರ್ಮಾನಿಸಿದ್ದರು. ನಾಲ್ಕು ವಾರದ ನಂತರ ಫೈನಲ್. ಆಟ ಮುಗಿದ ಮೇಲೆ ಅತ್ತೆ ಮೈಕಿನ ಮುಂದೆ ನಿಂತು, 'ದಿವಾಕರ ಸ್ಮಾರಕ ಕಪ್' ಎಂದು ಹೇಳಿ, ಗೆದ್ದವನಿಗೆ ಕೊಡಬೇಕು. ಅದಕ್ಕಾಗಿ ಅವರು ಎರಡು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದರು.

ಮೇಷ್ಟ್ರು ಮನೆಗೆ ಬಂದು, "'ನನ್ನ ಮಗನ ಸ್ಮಾರಕ ಕಪ್' ಅಂದ್ಬಿಡಿ ತುಂಗಮ್ಮನೋರೇ, ಸಾಕು" ಎಂದರು.

"ನನ್ನ ಮಗ ಅಂದ್ರೆ ಯಾರು ಮೇಷ್ಟ್ರೇ? ಊರಲ್ಲಿ ಎಲ್ರೂ ಯಾರಿಗೋ ಮಕ್ಕಳೇ. ಹೆಸರಿಟ್ಟೋಳು ನಾನು. ನಾನು ಹೇಳ್ಬೇಕು, ಸರಿಯಾಗಿ ಹೇಳ್ಬೇಕು. ಇಲ್ದಿದ್ರೆ ನಾನು ಬರೋದೇ ಇಲ್ಲ."

ಮಾರನೆಯ ದಿನ ಮೋನಪ್ಪ ಬಂದ. ಹೊಸ್ತಿಲ ಹೊರಗೇ ನಿಂತ. "ತಪ್ಪಾಯ್ತು ಅಮ್ಮಾವ್ರೇ. ದಿವಾಕರ ದಿವಾಕರ ಅವ್ರ ಹೆಸರು ನನ್ನ ಬಾಯಲ್ಲಿ ಯಾಕೆ? ಬರೋ ಭಾನುವಾರ ಅದನ್ನೇ ಕಟ್ತೀನಿ. ಬೇಕೂಂತ ಸೋಲ್ತೀನಿ. ವಾಪಸ್ ತಗೊಂಬಿಡಿ."

"ಬೇಕೂಂತ ಸೋಲೋದಕ್ಕೂ ಯಾರು ಸೋಲ್ತಾರೆ ಅಂತ ಗೊತ್ತಿರಬೇಕಲ್ಲ," ಎಂದೆ.

"ಅದನ್ನ ನೀವು ಹೇಳಿ ಅಕ್ಕಾವ್ರೇ. ಓದಿದೋರು."

ನಾನು ಐದು ವರ್ಷದ ಸ್ಕೋರು ಪುಸ್ತಕ ತೆಗೆದು ಕೂತೆ. ಇಡೀ ರಾತ್ರಿ ಕೂರುವ ಅಗತ್ಯ ಬೀಳಲಿಲ್ಲ, ಅರ್ಧ ಗಂಟೆಯ ಲೆಕ್ಕ. ಮುಂದಿನ ವಾರ ಅಂಚೆಯ ಇನಾಯತ್ ಮತ್ತು ನಿವೃತ್ತ ಅಮಲ್ದಾರ್ ಶೇಷಗಿರಿಯವರ ಆಟವಿತ್ತು, ಕಪ್ಪಿನದಲ್ಲ, ಮಾಮೂಲು ಭಾನುವಾರದ್ದು. ಇನಾಯತ್ ಊರಿಗೇ ಒಳ್ಳೆಯ ಆಟಗಾರ. ಅಮಲ್ದಾರರಿಗೆ ಎಪ್ಪತ್ತೊಂದು, ಚೆಂಡು ಬಂದಾಗ "ಬಂತೇ?" ಎಂದು ಕೇಳುತ್ತಾರೆ. ಮೋನಪ್ಪ ಅಮಲ್ದಾರರ ಮೇಲೆ ಕಟ್ಟಿದ. ಎರಡನೆಯ ಗೇಮಿನಲ್ಲಿ ಇನಾಯತ್‌ನ ಚಡ್ಡಿಯ ಲಾಡಿ ಕಿತ್ತುಹೋಯಿತು. ಅವನು ಎರಡೂ ಕೈಯಲ್ಲಿ ಚಡ್ಡಿ ಹಿಡಿದು ಹೊರಟವನು ಮತ್ತೆ ಬರಲಿಲ್ಲ. ಲಾಡಿ ಹೊಲಿದವನು ಮೋನಪ್ಪನೇ. ಅತ್ತೆಯ 'ಒಗ್ಗರಣೆ' ಹೋಯಿತು.

ಎರಡನೆಯ ವಾರ ಕೈಗೆ ಪಟ್ಟಿ ಕಟ್ಟಿಕೊಂಡವನ ಮೇಲೆ ಕಟ್ಟಿಸಿದೆ. ಎದುರಾಳಿಯ ಸರ್ವ್ ಒಂದೂ ಬಿಡದೆ ನೆಟ್ಟಿಗೆ ಬಿತ್ತು. ಅತ್ತೆಯ 'ಹಾಗಲಕಾಯಿ'ಯೂ ಹೋಯಿತು, ಅದರಿಂದ ಮಾತ್ರ ಯಾರಿಗೂ ಬೇಸರವಾಗಲಿಲ್ಲ. ಮೂರನೆಯ ವಾರ ಊರಿನಲ್ಲೇ ಇಲ್ಲದವನ ಮೇಲೆ ಕಟ್ಟಿಸಿದೆ. ಅವನು ವರ್ಗವಾಗಿ ಹೋಗಿ ತಿಂಗಳಾಗಿತ್ತು, ಪಟ್ಟಿಯಿಂದ ಹೆಸರು ತೆಗೆದಿರಲಿಲ್ಲ. ಸರಿಯಾಗಿ ನಾಲ್ಕು ಗಂಟೆಗೆ ಅವನು ಮರೆತುಹೋದ ಛತ್ರಿ ಒಯ್ಯಲು ಬಸ್ಸಿನಿಂದ ಇಳಿದ. ಬಂದದ್ದಾಯಿತಲ್ಲ ಎಂದು ಆಡಿದ. ಗೆದ್ದ. ಛತ್ರಿ ಅಲ್ಲೇ ಮರೆತು ಹೋದ.

ಆ ವಾರ ಅತ್ತೆಯಿಂದ ಹೋದ ಮಾತು 'ಸೊಸೆ'. ಅಂಗಡಿಯಲ್ಲಿ ನನ್ನನ್ನು ತೋರಿಸಿ "ಇವಳು ನನ್ನ ಗಿಸೆ" ಎಂದರು. ಮದುವೆಯೇ ಆಗದ ಮೋನಪ್ಪ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ "ತುಂಗಮ್ಮನವ್ರ ಸೊಸೆ ಸೊಸೆ ಲೆಕ್ಕ ಸರಿಯಿಲ್ಲ" ಎಂದು ಹೇಳಿಕೊಂಡು ತಿರುಗಿದ.

ಲೆಕ್ಕ ಸರಿಯಾಗಿಯೇ ಇತ್ತು, ನಾನು ತಪ್ಪು ಜಾಗದಲ್ಲಿ ನೋಡುತ್ತಿದ್ದೆ. ಮೋನಪ್ಪ ಯಾರ ಮೇಲೆ ಕಟ್ಟುತ್ತಾನೋ ಅವರು ಗೆಲ್ಲುತ್ತಾರೆ, ಅರವತ್ತನಾಲ್ಕಕ್ಕೆ ಅರವತ್ತನಾಲ್ಕು. ಅವನನ್ನು ಸೋಲಿಸುವುದು ಆಗದ ಕೆಲಸ. ಅವನ ಹಿಂದೆ ಹೋಗುವುದು ಸುಲಭ. ಅವನು ಬೇರೆ ಯಾರೊಂದಿಗಾದರೂ ಕಟ್ಟಲಿ. ಅವನು ಹೇಳಿದವನನ್ನೇ ಅತ್ತೆ ಹೇಳಲಿ. ಅತ್ತೆಯ ಎದುರು ಕೂತು, ದಿವಾಕರ ಎಂಬ ಮಾತು ಕಟ್ಟಿ, ಸೋಲುವುದಕ್ಕೆ ಒಬ್ಬರು ಬೇಕು. ಆ ಮಾತು ಯಾರು ಕೊಟ್ಟಾರು? ಒಂದು ನಮ್ಮ ಮನೆಯಲ್ಲೇ ಇತ್ತು, ನನ್ನ ಬಾಯಲ್ಲಿ. ಬಳಸದೆ ಇಟ್ಟದ್ದು.

ಅತ್ತೆಗೆ ಹೇಳಿದಾಗ ಅವರು ಬೀನ್ಸಿನ ನಾರು ತೆಗೆಯುತ್ತಿದ್ದರು.

"ನಿಂದು ಹೋದ್ರೆ ನಿನ್ಗೆ?"

"ನಾನು ಹೇಗೂ ಕರೆಯೋದಿಲ್ಲವಲ್ಲ ಅತ್ತೆ."

"ಮುಂದೆ ಯಾವಾಗ್ಲಾದ್ರೂ ಬೇಕು ಅನ್ಸಿದ್ರೆ?"

"ಬೇಡ."

"ನಿಂದು ಎಲ್ಲಕ್ಕೂ ಅದೇ ಒಂದು. ಅನ್ನ ಬೇಡ, ಹೂವು ಬೇಡ, ತವರಿಗೆ ಹೋಗಿ ಬಾ ಅಂದ್ರೆ ಬೇಡ. ಎರಡು ವರ್ಷದಿಂದ ಈ ಮನೇಲಿ ಸವೆದಿರೋದು ಅದೊಂದೇ ಮಾತು ಕಣೇ."

ಫೈನಲ್ ದಿನ ಬೆಳಿಗ್ಗೆ ನಿಯಮಕ್ಕಾಗಿ ನಾನು ಅವರ ಹೆಸರನ್ನು ಒಮ್ಮೆ ಹೇಳಬೇಕಿತ್ತು. ಅಡುಗೆಮನೆಯಲ್ಲಿ ಕುಕ್ಕರಿನ ಮುಂದೆ ನಿಂತೆ. ಮೊದಲು 'ದಿ' ಬಂತು. ಸುತ್ತ ನೋಡಿದೆ. ಬೇಳೆಯ ಡಬ್ಬದ ಹತ್ತಿರ ಯಾರೂ ಇರಲಿಲ್ಲ. "ದಿವಾಕರ" ಎಂದೆ. ಕುಕ್ಕರು ಕೂಗಿತು. ಒಲೆ ಆರಿಸಿ ಮಣೆಯ ಮೇಲೆ ಕೂತೆ. ಒಮ್ಮೆ ಹೇಳಿದರೆ ನಿಯಮಕ್ಕೆ ಸಾಕು. ಇನ್ನೂ ಒಮ್ಮೆ ಹೇಳಿದೆ. ಮಧ್ಯಾಹ್ನ ಹೋಗಬೇಕಾದ ಮಾತು ಎಂದು ಆಮೇಲೆ ನೆನಪಾಯಿತು, ಎದ್ದು ಕುಕ್ಕರು ಇಳಿಸಿದೆ.

ಫೈನಲ್‌ನಲ್ಲಿ ಇದ್ದವರು ಇನಾಯತ್ ಮತ್ತು ಹಲ್ಲಿನ ಡಾಕ್ಟರು ಪಾರ್ಶ್ವನಾಥ. ಡಾಕ್ಟರು ಇನಾಯತ್‌ನನ್ನು ಎಂದೂ ಗೆದ್ದವರಲ್ಲ. ಮೋನಪ್ಪನ ಎದುರು ಕೂರಲು ಬೋರಲಿಂಗ ಒಪ್ಪಿದ್ದ. ಅವನು 'ಪಥ್ಯ' ಕಟ್ಟಿದ. ಅದು ಹೋದರೆ ಮನೆಯಲ್ಲಿ ಹೆಂಡತಿಗೆ ಉತ್ತರ ಕೊಡುವ ಕಷ್ಟ ತಪ್ಪುತ್ತದೆ ಎಂದು ಅವನ ಆಸೆ. ಮೋನಪ್ಪ ಡಾಕ್ಟರ ಹೆಸರು ಹೇಳಿ ಎದ್ದುಬಂದ. ನಾನು ಮೊದಲ ಸಲ ಕಟ್ಟೆಯ ಮೇಲೆ ಕೂತೆ, ಅತ್ತೆಯ ಎದುರಿಗೆ.

ಅತ್ತೆ ಡಾಕ್ಟರ ಕಾಲು ನೋಡಿ ಗಾಬರಿಯಾದರು. "ಒಂದು ಬಿಳಿ, ಒಂದು ನೀಲಿ ಕಣೇ! ಇದನ್ನ ನೋಡ್ಕೊಂಡೂ ಹೆಂಗೆ ಹೇಳ್ಲಿ?"

"ಕಣ್ಣು ಮುಚ್ಕೊಂಡು ಹೇಳಿ ಅತ್ತೆ."

ಕಣ್ಣು ಮುಚ್ಚಿಕೊಂಡು ಡಾಕ್ಟರು ಎಂದರು. ನಾನು ಇನಾಯತ್ ಎಂದೆ. ಮೇಷ್ಟ್ರು ಅತ್ತೆಯನ್ನು ಕೇಳಿದರು, ಅವರು ತುಟಿ ಬಿಗಿದು 'ಹುಣಿಸೆಹಣ್ಣು' ಎಂದಷ್ಟೇ ಹೇಳಿದರು. ಆಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು.

"ನೀವು ಏನು ಕಟ್ತೀರಮ್ಮ?"

ಮೋನಪ್ಪ ನನಗಿಂತ ಹೆಚ್ಚು ಹೆದರಿದ್ದ. ಧೈರ್ಯಕ್ಕಿರಲಿ ಎಂದು ಅದೇ ಹೊತ್ತಿಗೆ ಪಕ್ಕದಿಂದ ಕಡಲೆಕಾಯಿ ಪೊಟ್ಟಣ ಚಾಚಿದ. "ಸ್ವಲ್ಪ ತಗೊಳ್ಳಿ ಅಕ್ಕಾವ್ರೇ."

"ಬೇಡ," ಎಂದೆ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ಮೂದೇವಿ! ಕಡ್ಲೆಕಾಯಿ ತಿಂದಿದ್ರೆ ಏನಾಗ್ತಿತ್ತೇ ನಿನ್ಗೆ?"

ಮೋನಪ್ಪ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿದ. ಆಟ ಶುರುವಾಯಿತು. ದಿವಾಕರ ಎಂಬ ಮಾತು ನನ್ನಲ್ಲೇ ಉಳಿಯಿತು. ಅದರಿಂದ ನನಗಾದ ಸಮಾಧಾನಕ್ಕೆ ನನಗೇ ನಾಚಿಕೆಯಾಯಿತು. ಎದುರಿಗೆ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಇನಾಯತ್ ಮೊದಲ ಸೆಟ್ ಗೆದ್ದ. ಎರಡನೆಯದರಲ್ಲೂ ಐದು ಗೇಮ್ ಮುಂದಿದ್ದ. ಆಗ ಅವನಿಗೆ ಹಲ್ಲುನೋವು ಬಂತು. ಎರಡು ಪಾಯಿಂಟ್ ತಡೆದುಕೊಂಡ. ಮೂರನೆಯದಕ್ಕೆ ದವಡೆ ಹಿಡಿದುಕೊಂಡು ನೆಟ್ಟಿನ ಹತ್ತಿರ ಹೋಗಿ ಬಾಯಿ ತೆರೆದ. ಊರಿಗೆ ಇರುವುದು ಒಬ್ಬರೇ ಹಲ್ಲಿನ ಡಾಕ್ಟರು. ಅವರು ನೆಟ್ಟಿನ ಆಚೆಯಿಂದ ಬಗ್ಗಿ ನೋಡಿ, "ಆಟ ಮುಗೀಲಿ, ನೋಡೋಣ" ಎಂದರು.

"ಎಷ್ಟೊತ್ತಾಗುತ್ತೆ ಡಾಕ್ಟ್ರೇ?"

"ನೀನು ಗೆಲ್ಲೋದಾದ್ರೆ ಕಾಲು ಗಂಟೆ. ಈಗ್ಲೇ ಬಿಟ್ಕೊಟ್ರೆ ಈಗ್ಲೇ."

ಇನಾಯತ್ ರ‍್ಯಾಕೆಟ್ ಕೆಳಗಿಟ್ಟ. ಮೇಷ್ಟ್ರು ಕೈಯೆತ್ತಿ ಡಾಕ್ಟರು ಗೆದ್ದರೆಂದು ಕೂಗಿದರು. ಕೋರ್ಟಿನ ಬೆಂಚಿನ ಮೇಲೆಯೇ ಹಲ್ಲು ಕಿತ್ತದ್ದಾಯಿತು. ಅತ್ತೆ ಜೀವನದಲ್ಲಿ ಮೊದಲ ಸಲ ಕಾಲುಚೀಲ ನೋಡದೆ ಗೆದ್ದಿದ್ದರು. ಮೋನಪ್ಪ ಮೆಲ್ಲಗೆ ಪೊಟ್ಟಣವನ್ನು ಮತ್ತೆ ನನ್ನ ಮುಂದೆ ಚಾಚಿದ. ನಾನು ಬಾಯಿ ತೆರೆದೆ. ರೂಢಿಯ ಮಾತು ಬರಲಿಲ್ಲ. ಪೊಟ್ಟಣ ತೆಗೆದುಕೊಂಡೆ. ಕಡಲೆಕಾಯಿ ಚೆನ್ನಾಗಿ ಹುರಿದಿದ್ದರು.

ಬರುವುದೇ ಇಲ್ಲ ಎಂದಿದ್ದ ಅತ್ತೆ, ಕರೆದಾಗ ಎದ್ದರು. ಒಂದು ಕೈಯಲ್ಲಿ ಕಪ್ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಮೈಕಿನ ಹತ್ತಿರ ಹೋದರು. ಊರೆಲ್ಲ ಎದುರಿಗಿತ್ತು. ಡಾಕ್ಟರು ಎರಡೂ ಕೈ ಚಾಚಿ ನಿಂತಿದ್ದರು. ಅತ್ತೆ "ಈ ಕಪ್ಪಿನ ಹೆಸರು" ಎಂದು ಹೇಳಿ ನಿಲ್ಲಿಸಿದರು. ಕೆಮ್ಮಿದರು. "ಈ ಕಪ್ಪಿನ ಹೆಸರು" ಎಂದು ಮತ್ತೆ ಹೇಳಿ ಮತ್ತೆ ನಿಂತರು. ಹಿಂದಿನ ಸಾಲಿನಲ್ಲಿ ಯಾರೋ 'ಗಿ' ಎಂದು ಶುರುಮಾಡಿದರು, ಪಕ್ಕದವರು ತಿವಿದರು. ಅತ್ತೆ ಮೈಕನ್ನು ನನ್ನ ಬಾಯಿಗೆ ತಿರುಗಿಸಿದರು.

"ನೀನು ಹೇಳು."

ನಾನು ಬೇಡ ಅನ್ನಬೇಕಿತ್ತು. ಇಷ್ಟು ಜನರ ಮುಂದೆ, ಅದೂ ಮೈಕಿನಲ್ಲಿ, ಗಂಡನ ಹೆಸರು. ನಾಲಿಗೆ ಹುಡುಕಿತು. ಆ ಮಾತು ಇರುತ್ತಿದ್ದ ಜಾಗ ಖಾಲಿಯಾಗಿತ್ತು. "ಗೀಡ," ಎಂದೆ. ಮೈಕು ಅದನ್ನು ಊರಿಗೆಲ್ಲ ಕೇಳಿಸಿತು.

"ಗೀಡ ಅಂದ್ರೆ ಏನೇ? ನಂಗೆ ಅರ್ಥ ಆಗಲ್ಲ," ಎಂದರು ಅತ್ತೆ. ಇಪ್ಪತ್ತು ವರ್ಷದಿಂದ ಗೀ ಎಂದು ಮಾತಾಡಿದವರು. "ಕನ್ನಡದಲ್ಲಿ ಹೇಳು."

"ಗೀಡ ಅತ್ತೆ, ಗೀಡ..."

"ಇವಳೇನೋ ಅಂತಿದಾಳೆ, ಯಾರಿಗಾದ್ರೂ ತಿಳೀತೇನ್ರಪ್ಪಾ?"

"ಇಲ್ಲ ಇಲ್ಲ!" ಎಂದ ಮೋನಪ್ಪ. ಊರೂ ಇಲ್ಲ ಎಂದಿತು. ಹಲ್ಲು ಕೀಳಿಸಿಕೊಂಡ ಇನಾಯತ್ ಕೂಡ ಹತ್ತಿ ಕಚ್ಚಿಕೊಂಡೇ ತಲೆಯಾಡಿಸಿದ.

ನನ್ನ ಬಳಿ ಬೇರೆ ಯಾವ ಮಾತೂ ಇರಲಿಲ್ಲ.

"ದಿವಾಕರ," ಎಂದೆ.

ಮೈಕು ಸ್ವಲ್ಪ ಕುಂಯ್ ಎಂದಿತು. ಒಂದೇ ಸಲ ಬಂತು, ಪೂರ್ತಿಯಾಗಿ ಬಂತು, ಮೊದಲಿನ 'ದಿ' ಸಮೇತ. ಅತ್ತೆ ಮೈಕಿನ ಕಡೆ ಕಿವಿ ಕೊಟ್ಟು, ಅದು ಇನ್ನೂ ಅಲ್ಲೇ ಇದೆ ಎಂಬಂತೆ ಕೇಳಿಸಿಕೊಳ್ಳುತ್ತಿದ್ದರು. ಕೈ ಚಾಚಿ ಚಾಚಿ ಸೋತ ಡಾಕ್ಟರು ಕೊನೆಗೆ, "ಕಪ್ ಕೊಡ್ತೀರಾ ತಾಯಿ?" ಎಂದರು.

"ಬೇಡ ಬೇಡ, ಒಂಚೂರು ತಡಿಯಪ್ಪಾ," ಎಂದು ಅತ್ತೆ ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡರು. ನನ್ನ ಕಡೆ ತಿರುಗಿದರು. "ಇನ್ನೊಂದ್ಸಲ ಹೇಳೇ."

ಹೇಳಿದೆ.